ಧ್ರುವದ ಮಂಜುಗಡ್ಡೆಯನ್ನು ಅಡಿಯಿಂದ ಕರಗಿಸುವ ಕಡಲು

ಧ್ರುವ ಪ್ರದೇಶದ ಮಂಜುಗಡ್ಡೆ ಕರಗಿ ಸಮುದ್ರದ ಮಟ್ಟ ಏರುತ್ತಿದೆ ಎಂಬ ಸುದ್ದಿಯನ್ನು ನಾವೆಲ್ಲರೂ ಕೇಳುತ್ತಲೇ ಇದ್ದೇವೆ. ಕೇಳಿದಾಗ ಮೇಲಿನಿಂದ ಬಿಸಿಲು ಬಿದ್ದು ಮಂಜು ನೀರಾಗುವ ಚಿತ್ರ ನಮ್ಮ ಮನಸ್ಸಿಗೆ ಬರುತ್ತದೆ. ಗ್ರೀನ್‌ಲ್ಯಾಂಡಿನಲ್ಲಿ ಅದು ಬಹುಮಟ್ಟಿಗೆ ನಿಜವೂ ಹೌದು. ಆದರೆ ಅಂಟಾರ್ಕ್ಟಿಕಾದಲ್ಲಿ ಮಂಜು ಸವೆಯುತ್ತಿರುವುದು ಹೆಚ್ಚಾಗಿ ಅಡಿಯಿಂದ, ಸಮುದ್ರದ ನೀರಿನಿಂದ.

ಭೂಮಿಯಲ್ಲಿ ಹೆಚ್ಚುವರಿಯಾಗಿ ಸೇರಿಕೊಂಡಿರುವ ಶಾಖದಲ್ಲಿ ಶೇಕಡಾ 90ಕ್ಕೂ ಹೆಚ್ಚಿನ ಪಾಲನ್ನು ಸಾಗರಗಳೇ ಹೀರಿಕೊಂಡಿವೆ. ಬಿಸಿಯಾದ ನೀರು ಹಿಗ್ಗುತ್ತದೆ; ಮಟ್ಟ ಏರಲು ಅದೊಂದು ಕಾರಣ. ಆದರೆ 2006ರಿಂದ 2018ರವರೆಗಿನ ಏರಿಕೆಯಲ್ಲಿ ದೊಡ್ಡ ಪಾಲು ಕರಗಿದ ಮಂಜಿನದು ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿಯ 2021ರ ವರದಿ ಹೇಳುತ್ತದೆ.

ಇಲ್ಲಿ ಒಂದು ವಿಷಯ ಸ್ಪಷ್ಟವಾಗಬೇಕು. ಲೋಟದ ನೀರಿನಲ್ಲಿ ತೇಲುವ ಮಂಜುಗಡ್ಡೆ ಕರಗಿದರೆ ನೀರಿನ ಮಟ್ಟ ಏರುವುದಿಲ್ಲ. ಕಡಲಿನಲ್ಲಿ ತೇಲುವ ಮಂಜೂ ಹೆಚ್ಚುಕಡಿಮೆ ಹಾಗೆಯೇ. ಮಟ್ಟ ಏರಿಸುವುದು ನೆಲದ ಮೇಲೆ ಕುಳಿತಿರುವ ಮಂಜು. ಹಾಗಾದರೆ ತೇಲುವ ಮಂಜಿನ ಬಗ್ಗೆ ವಿಜ್ಞಾನಿಗಳಿಗೆ ಏಕೆ ಚಿಂತೆ? ಏಕೆಂದರೆ ನೆಲದ ಮಂಜು ಕಡಲಿಗೆ ಜಾರುವ ಬಾಯಿಯಲ್ಲಿ, ತೇಲುವ ಚಾಚು ಬಾಟಲಿಯ ಬಿರಡೆಯಂತೆ ತಡೆಯಾಗಿ ನಿಂತಿದೆ. 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸೆನ್ ಬಿ ಎಂಬ ಚಾಚಿನ ಸುಮಾರು 3,250 ಚದರ ಕಿ.ಮೀ. ಭಾಗ ಕೆಲವೇ ವಾರಗಳಲ್ಲಿ ಪುಡಿಯಾಯಿತು. (ಅದರ ಕುಸಿತಕ್ಕೆ ಮೇಲ್ಮೈಯಲ್ಲಿ ನಿಂತ ಕರಗುನೀರೂ ದೊಡ್ಡ ಕಾರಣ.) ತಡೆ ಹೋದ ಬಳಿಕ ಹಿಂದಿದ್ದ ಹಿಮನದಿಗಳು ಹಲವು ಪಟ್ಟು ವೇಗವಾಗಿ ಕಡಲಿಗೆ ಹರಿದವು.

ಈಗ ಎಲ್ಲರ ಕಣ್ಣು ಪಶ್ಚಿಮ ಅಂಟಾರ್ಕ್ಟಿಕಾದ ಥ್ವೇಟ್ಸ್ ಹಿಮನದಿಯ ಮೇಲಿದೆ. ಅದರ ವಿಸ್ತಾರ ಸುಮಾರು 1,92,000 ಚದರ ಕಿ.ಮೀ., ಅಂದರೆ ಹೆಚ್ಚುಕಡಿಮೆ ನಮ್ಮ ಇಡೀ ಕರ್ನಾಟಕದಷ್ಟು! ಕಡಲಿಗೆ ಸೇರುವಲ್ಲಿ ಅದರ ಅಗಲ ಸುಮಾರು 120 ಕಿ.ಮೀ. ಅದು ಪೂರ್ತಿ ಕರಗಿದರೆ ಜಗತ್ತಿನ ಸಮುದ್ರ ಮಟ್ಟ ಸುಮಾರು 65 ಸೆಂ.ಮೀ. ಏರುತ್ತದೆ. ಈ ಹಿಮನದಿ ಕುಳಿತಿರುವ ನೆಲ ಸಮುದ್ರ ಮಟ್ಟಕ್ಕಿಂತ ಕೆಳಗಿದೆ. ಒಳಗೆ ಹೋದಂತೆ ಇನ್ನೂ ಆಳವಾಗುತ್ತದೆ. ಆದ್ದರಿಂದ ಅಂಚು ಹಿಂದೆ ಸರಿದಷ್ಟೂ ಹೆಚ್ಚು ದಪ್ಪದ ಮಂಜು ನೀರಿಗೆ ಒಡ್ಡಿಕೊಳ್ಳುತ್ತದೆ.

ಇದನ್ನು ಕೊರೆಯುತ್ತಿರುವ ನೀರು ಎಷ್ಟು ಬಿಸಿ? ಸೊನ್ನೆ ಡಿಗ್ರಿಗಿಂತ ತುಸು ಮೇಲೆ, ಅಷ್ಟೇ. ನಮಗೆ ಅದು ಕೈ ಮರಗಟ್ಟಿಸುವ ನೀರು. ಆದರೆ ಉಪ್ಪುನೀರು ಹೆಪ್ಪುಗಟ್ಟುವುದು ಸುಮಾರು ಮೈನಸ್ 1.9 ಡಿಗ್ರಿಯಲ್ಲಿ, ಆಳದ ಒತ್ತಡದಲ್ಲಿ ಮಂಜು ಇನ್ನೂ ಕಡಿಮೆ ಉಷ್ಣತೆಯಲ್ಲೇ ಕರಗುತ್ತದೆ. ಉಪ್ಪು ಹೆಚ್ಚಿರುವ ಈ ನೀರು ಭಾರವಾದ್ದರಿಂದ ತಣ್ಣನೆಯ ಮೇಲ್ನೀರಿನ ಕೆಳಗೆ ಅಡಗಿರುತ್ತದೆ. ಗಾಳಿಯ ದಿಕ್ಕು ಅನುಕೂಲವಾದಾಗ ಕಡಲತಳದ ಕಣಿವೆಗಳ ಮೂಲಕ ಮಂಜಿನ ಬುಡಕ್ಕೆ ನುಗ್ಗುತ್ತದೆ.

2020ರ ಜನವರಿಯಲ್ಲಿ ಬ್ರಿಟನ್ ಮತ್ತು ಅಮೆರಿಕದ ವಿಜ್ಞಾನಿಗಳು ಬಿಸಿನೀರಿನಿಂದ ಸುಮಾರು 600 ಮೀಟರ್ ಮಂಜು ಕೊರೆದು, ಐಸ್‌ಫಿನ್ ಎಂಬ ರೋಬೋಟನ್ನು ಅಡಿಗೆ ಇಳಿಸಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಸ್ವಲ್ಪ ಅಚ್ಚರಿಯದು. ಅಡಿಯ ಸಮತಟ್ಟಾದ ಭಾಗ ಎಣಿಸಿದ್ದಕ್ಕಿಂತ ನಿಧಾನವಾಗಿ ಕರಗುತ್ತಿದೆ. ಆದರೆ ಬಿರುಕುಗಳಲ್ಲಿ ಮತ್ತು ಮೆಟ್ಟಿಲಿನಂತಿರುವ ಕಡೆಗಳಲ್ಲಿ ಕರಗುವಿಕೆ ಬಹಳ ವೇಗ.

ಕಡಲಿನ ಉಷ್ಣತೆ ಎಷ್ಟು ನಿರ್ಣಾಯಕ ಎಂಬುದಕ್ಕೆ ಗ್ರೀನ್‌ಲ್ಯಾಂಡಿನ ಯಾಕೊಬ್‌ಶಾವ್ನ್ ಹಿಮನದಿ ಒಳ್ಳೆಯ ಸಾಕ್ಷಿ. 1990ರ ದಶಕದ ಕೊನೆಯಲ್ಲಿ ಬೆಚ್ಚನೆಯ ನೀರು ಬಂದಾಗ ಅದರ ತೇಲುವ ಚಾಚು ಒಡೆಯಿತು, ಓಟ ಹೆಚ್ಚಿತು. 2016ರ ಸುಮಾರಿಗೆ ತಣ್ಣೀರು ಮರಳಿದಾಗ ಕೆಲವು ವರ್ಷ ನಿಧಾನವಾಗಿ, ದಪ್ಪವೂ ಆಯಿತು.

ಅಂಟಾರ್ಕ್ಟಿಕಾ ದೂರದ ಮಾತು ಎಂದು ನಾವು ಕರಾವಳಿಯವರು ಸುಮ್ಮನಿರುವಂತಿಲ್ಲ. ಅಷ್ಟು ದೊಡ್ಡ ಮಂಜಿನ ರಾಶಿ ತನ್ನ ಗುರುತ್ವದಿಂದ ಸುತ್ತಲಿನ ನೀರನ್ನು ಸೆಳೆದಿಟ್ಟುಕೊಂಡಿರುತ್ತದೆ. ಮಂಜು ಕರಗಿದಂತೆ ಸೆಳೆತ ಸಡಿಲವಾಗಿ ನೀರು ದೂರದ ಕಡಲುಗಳಿಗೆ ಹರಡುತ್ತದೆ. ಹಾಗಾಗಿ ಅಲ್ಲಿ ಕರಗಿದ ಮಂಜಿನಿಂದ ನಮ್ಮ ಅರಬ್ಬೀ ಸಮುದ್ರಕ್ಕೆ ಬರುವ ಏರಿಕೆ ಸರಾಸರಿಗಿಂತ ಸ್ವಲ್ಪ ಹೆಚ್ಚೇ. ಹಾಗೆಂದು ಪ್ರತಿ ಮಳೆಗಾಲದ ಕಡಲ್ಕೊರೆತಕ್ಕೂ ಧ್ರುವದ ಮಂಜನ್ನೇ ದೂರುವುದು ಸರಿಯಲ್ಲ. ಅಳಿವೆ ಬಾಗಿಲಿನ ತಡೆಗೋಡೆಗಳು, ಮರಳಿನ ಚಲನೆ ಇವೆಲ್ಲ ಬೇರೆಯೇ ಕಾರಣಗಳು. ಮಟ್ಟದ ಏರಿಕೆ ಮಾಡುವುದು ಇಷ್ಟು: ಅದೇ ಉಬ್ಬರ, ಅದೇ ಅಲೆ ಇನ್ನಷ್ಟು ಎತ್ತರದಿಂದ ಹೊರಡುತ್ತದೆ, ಉಪ್ಪುನೀರು ದಡದ ಬಾವಿಗಳಿಗೆ ಇನ್ನಷ್ಟು ಹತ್ತಿರವಾಗುತ್ತದೆ.

1901ರಿಂದ 2018ರವರೆಗೆ ಸಮುದ್ರ ಸರಾಸರಿ 20 ಸೆಂ.ಮೀ. ಏರಿದೆ. ಆಳದ ನೀರಿನಲ್ಲಿ ಸೇರಿದ ಶಾಖ ಬೇಗ ಹೊರಬರುವುದಿಲ್ಲವಾದ್ದರಿಂದ ಏರಿಕೆ ಈ ಶತಮಾನದಾಚೆಗೂ ಮುಂದುವರಿಯುತ್ತದೆ. ಎಷ್ಟು ವೇಗದಲ್ಲಿ ಎಂಬುದು ಮಾತ್ರ ಇನ್ನೂ ತೀರ್ಮಾನವಾಗಿಲ್ಲ. ಇಂಗಾಲದ ಹೊಗೆಯನ್ನು ಬಹಳ ಬೇಗ ತಗ್ಗಿಸಿದರೆ 2100ರ ಹೊತ್ತಿಗೆ 28ರಿಂದ 55 ಸೆಂ.ಮೀ., ತೀರಾ ಹೆಚ್ಚಿಸಿಕೊಂಡು ಹೋದರೆ 63ರಿಂದ 101 ಸೆಂ.ಮೀ. ಏರಬಹುದೆಂದು ಅದೇ 2021ರ ವರದಿ ಅಂದಾಜಿಸಿದೆ. ಮಂಜಿನ ಹೊದಿಕೆ ಎಣಿಕೆ ಮೀರಿ ಕುಸಿದರೆ ಈ ಲೆಕ್ಕವನ್ನೂ ದಾಟಬಹುದೆಂದು ಎಚ್ಚರಿಸಿದೆ.