ರೇಡಿಯೇಟರ್ ತಣ್ಣಗಿದ್ದರೆ ಏನು ನೋಡಬೇಕು? ಎಲ್ಲಿ ಕೈ ನಿಲ್ಲಿಸಬೇಕು?



ಚಳಿಗಾಲ ಬಂತೆಂದರೆ ನಮ್ಮಲ್ಲಿ ಅನೇಕರ ಮನೆಗೆ ಊರಿನಿಂದ ಅಪ್ಪ ಅಮ್ಮ ಬಂದಿರುತ್ತಾರೆ. ಜುಲೈ ತಿಂಗಳಲ್ಲಿ ಮೆಲ್ಬರ್ನಿನ ಸರಾಸರಿ ಕನಿಷ್ಠ ಉಷ್ಣಾಂಶ ಸುಮಾರು 7 ಡಿಗ್ರಿ, ಸಿಡ್ನಿಯದು ಸುಮಾರು 8. ಮನೆಯೊಳಗೆ ಕನಿಷ್ಠ 18 ಡಿಗ್ರಿಯಾದರೂ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ವಯಸ್ಸಾದವರಿಗೆ ಇದು ಇನ್ನೂ ಮುಖ್ಯ.

ಕಳೆದ ಚಳಿಗಾಲದಲ್ಲಿ ನಮ್ಮ ಮೆಲ್ಬರ್ನ್ ಮನೆಯ ಹಿಂದಿನ ಕೋಣೆಯಲ್ಲಿ ನಮ್ಮಪ್ಪ ನಾಲ್ಕು ರಾತ್ರಿ ಸ್ವೆಟರ್, ಮಂಕಿ ಕ್ಯಾಪ್ ಹಾಕಿಕೊಂಡೇ ಮಲಗಿದ್ದರು. ಉಳಿದ ಕೋಣೆಗಳೆಲ್ಲ ಬೆಚ್ಚಗಿದ್ದವು. "ಯಾಕಪ್ಪ ಹೇಳಲಿಲ್ಲ?" ಎಂದರೆ, "ನಿನಗೆ ಆಫೀಸು ಇರುತ್ತೆ, ಇಷ್ಟಕ್ಕೆಲ್ಲ ಯಾಕೆ ತೊಂದರೆ ಅಂತ ಸುಮ್ಮನಿದ್ದೆ" ಎಂದರು. ಗಾಬರಿಯಲ್ಲಿ ನಾನು ಬಾಯ್ಲರ್ ಶಾಖ ಏರಿಸಿ, ಎಲ್ಲ ವಾಲ್ವ್‌ಗಳನ್ನೂ ತಿರುಗಿಸಿಬಿಟ್ಟೆ. ಮನೆಯೆಲ್ಲ ಹೆಚ್ಚುಕಡಿಮೆಯಾಯಿತೇ ಹೊರತು ಆ ಕೋಣೆ ಬೆಚ್ಚಗಾಗಲಿಲ್ಲ. ಸಾಫ್ಟ್‌ವೇರ್‌ನಲ್ಲಿ ದಿನವೂ ಪಾಲಿಸುವ ನಿಯಮವನ್ನು ಮನೆಯಲ್ಲಿ ಮರೆತಿದ್ದೆ: ಮೊದಲು ಲಕ್ಷಣ ನೋಡು, ಆಮೇಲೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು.

ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ?

ಇದಕ್ಕೆ ಇಲ್ಲಿ ಹೈಡ್ರಾನಿಕ್ ಹೀಟಿಂಗ್ ಎನ್ನುತ್ತಾರೆ. ಬಾಯ್ಲರ್ ನೀರು ಕಾಯಿಸುತ್ತದೆ, ಪಂಪು ಅದನ್ನು ಪೈಪುಗಳಲ್ಲಿ ತಳ್ಳುತ್ತದೆ. ಪ್ರತಿ ರೇಡಿಯೇಟರ್‌ಗೂ ಬಿಸಿನೀರು ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹಿಂತಿರುಗುತ್ತದೆ. ಅದೇ ನೀರು ಮತ್ತೆ ಮತ್ತೆ ಸುತ್ತುತ್ತಿರುತ್ತದೆ. ಆದ್ದರಿಂದ ತಣ್ಣಗಿರುವ ಜಾಗ ಯಾವುದೆಂದು ಗೊತ್ತಾದರೆ ದೋಷದ ಸುಳಿವು ಅರ್ಧ ಸಿಕ್ಕಂತೆ. ಹೀಟಿಂಗ್ ಹಾಕಿ ಅರ್ಧ ಗಂಟೆಯ ನಂತರ ಎಲ್ಲ ರೇಡಿಯೇಟರ್‌ಗಳನ್ನೂ ಹುಷಾರಾಗಿ ಮುಟ್ಟಿ ನೋಡಿ, ಒಂದು ಕಾಗದದಲ್ಲಿ ಬರೆದುಕೊಳ್ಳಿ.

1. ಎಲ್ಲವೂ ತಣ್ಣಗಿದ್ದರೆ: ಥರ್ಮೋಸ್ಟಾಟ್ ಬ್ಯಾಟರಿ, ಬಾಯ್ಲರ್‌ನ ಸ್ವಿಚ್ಚು, ಟೈಮರ್ ನೋಡಿ. ಏಪ್ರಿಲ್ ಮೊದಲ ಭಾನುವಾರ ಇಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ಟೈಮರ್ ಹಳೆಯ ಸಮಯದಲ್ಲೇ ಉಳಿದಿರಬಹುದು. ಅಡುಗೆ ಒಲೆ ಉರಿಯುತ್ತದೆಯೇ? ಉರಿಯದಿದ್ದರೆ ಗ್ಯಾಸೇ ಬರುತ್ತಿಲ್ಲ. ಪ್ರೆಷರ್ ಮುಳ್ಳು ನೀರು ತಣ್ಣಗಿರುವಾಗ ಸಾಮಾನ್ಯವಾಗಿ 1ರಿಂದ 1.5 ಬಾರ್ ತೋರಿಸಬೇಕು. ಪದೇ ಪದೇ ಇಳಿಯುತ್ತಿದ್ದರೆ ಎಲ್ಲೋ ಸೋರುತ್ತಿರಬಹುದು. ಹೊಸ ನೀರು ತುಂಬಿಸುತ್ತಲೇ ಇರಬೇಡಿ. ಅದರೊಂದಿಗೆ ಹೋಗುವ ಆಮ್ಲಜನಕ ಒಳಗೆ ತುಕ್ಕು ಹಿಡಿಸುತ್ತದೆ. ಪ್ಲಂಬರನ್ನು ಕರೆಯಿರಿ.

2. ಮೇಲೆ ತಣ್ಣಗೆ, ಕೆಳಗೆ ಬಿಸಿ: ಒಳಗೆ ಗಾಳಿ ಸೇರಿಕೊಂಡಿದೆ. ಹೀಟಿಂಗ್ ಆರಿಸಿ, ನೀರು ತಣಿಯುವವರೆಗೆ ಕಾಯಿರಿ. ರೇಡಿಯೇಟರ್‌ನ ಮೇಲ್ತುದಿಯ ಚಿಕ್ಕ ತಿರುಪನ್ನು ಅದರ ಕೀಲಿಯಿಂದ ಕಾಲು ಸುತ್ತು ತಿರುಗಿಸಿ, ಕೆಳಗೆ ಬಟ್ಟೆ ಮತ್ತು ಲೋಟ ಹಿಡಿಯಿರಿ. ಮೊದಲು ಬುಸ್ ಎಂದು ಗಾಳಿ ಬಂದು, ಆಮೇಲೆ ನೀರು ಬರುತ್ತದೆ. ನೀರು ಬಂದ ಕೂಡಲೇ ಮುಚ್ಚಿ. ಕೆಳಮಹಡಿಯಿಂದ ಆರಂಭಿಸಿ ಮೇಲಕ್ಕೆ ಹೋಗಿ. ಕೊನೆಗೆ ಪ್ರೆಷರ್ ಮತ್ತೊಮ್ಮೆ ನೋಡಿ.

3. ಕೆಳಗೆ ನಡುವೆ ತಣ್ಣಗೆ, ಸುತ್ತ ಬಿಸಿ: ತಳದಲ್ಲಿ ಕಬ್ಬಿಣದ ಕಪ್ಪು ತುಕ್ಕಿನ ಕೆಸರು ಕೂತಿದೆ. ಪ್ಲಂಬರ್ ತೊಳೆದು, ತುಕ್ಕು ತಡೆಯುವ ದ್ರವ ಹಾಕಬೇಕಾಗುತ್ತದೆ.

4. ಬಾಯ್ಲರ್ ಹತ್ತಿರದವು ಬಿಸಿ, ದೂರದವು ತಣ್ಣಗೆ: ನೀರು ಸಲೀಸಾದ ದಾರಿ ಹಿಡಿದು ಹತ್ತಿರದಲ್ಲೇ ಸುತ್ತುತ್ತಿದೆ. ಹತ್ತಿರದ ರೇಡಿಯೇಟರ್‌ಗಳ ಹಿಂತಿರುಗುವ ಕಡೆಯ ವಾಲ್ವನ್ನು ಸ್ವಲ್ಪ ಸ್ವಲ್ಪವೇ ಮುಚ್ಚಿ ಹೊಂದಿಸಬೇಕು. ಎಷ್ಟು ಸುತ್ತು ತಿರುಗಿಸಿದಿರೆಂದು ಬರೆದಿಟ್ಟುಕೊಳ್ಳಿ.

5. ಒಂದೇ ಒಂದು ಪೂರ್ತಿ ತಣ್ಣಗೆ: ಅಂಕಿಗಳಿರುವ ವಾಲ್ವಿನ ತಲೆಯನ್ನು ಪರದೆಯೋ ಮಂಚವೋ ಮುಚ್ಚಿದೆಯೇ ನೋಡಿ. ಹಾಗಿದ್ದರೆ ಅದರ ಸುತ್ತ ಮಾತ್ರ ಬೆಚ್ಚಗಾಗಿ, ಕೋಣೆಯೇ ಬೆಚ್ಚಗಾಯಿತೆಂದು ವಾಲ್ವ್ ಮುಚ್ಚಿಕೊಳ್ಳುತ್ತದೆ. ಇಲ್ಲವಾದರೆ ಆ ತಲೆಯನ್ನು ಬಿಚ್ಚಿ, ಒಳಗಿನ ಪುಟ್ಟ ಪಿನ್ನನ್ನು ಮೆಲ್ಲಗೆ ಒತ್ತಿ. ಅದು ಒಳಗೆ ಹೋಗಿ ತಾನೇ ಹೊರಬರಬೇಕು. ಇಕ್ಕಳದಿಂದ ಎಳೆಯಬೇಡಿ, ಕಿತ್ತು ಬಂದರೆ ನೀರು ಚಿಮ್ಮುತ್ತದೆ.

ಅಪ್ಪನ ಕೋಣೆಯಲ್ಲಿ ಆಗಿದ್ದು ಇದೇ. ಯಾರೂ ಇರದ ಕೋಣೆಯೆಂದು ಬೇಸಿಗೆಯುದ್ದಕ್ಕೂ ಮುಚ್ಚಿಟ್ಟ ವಾಲ್ವಿನ ಪಿನ್ನು ಅಂಟಿಕೊಂಡಿತ್ತು. ನಾಲ್ಕೈದು ಸಲ ಒತ್ತಿದೆ. ಹತ್ತು ನಿಮಿಷದಲ್ಲಿ ರೇಡಿಯೇಟರ್ ಬಿಸಿಯಾಯಿತು. ಈಗ ನಾವು ಬೇಸಿಗೆಯಲ್ಲಿ ಆ ವಾಲ್ವನ್ನು ತೆರೆದೇ ಇಡುತ್ತೇವೆ.

ಕೈ ನಿಲ್ಲಿಸಬೇಕಾದ ಜಾಗ

ಮೇಲಿನದೆಲ್ಲ ನೀರಿನ ಕಡೆಯ ಕೆಲಸ. ಬಾಯ್ಲರಿನ ಮುಚ್ಚಳ ತೆಗೆಯುವುದು, ಗ್ಯಾಸ್ ಪೈಪು, ಹೊಗೆ ಕೊಳವೆ, ಒಳಗಿನ ವೈರಿಂಗ್ ನಮ್ಮ ಕೆಲಸವಲ್ಲ. ಗ್ಯಾಸ್ ಕೆಲಸವನ್ನು ಲೈಸೆನ್ಸ್ ಇರುವ ಗ್ಯಾಸ್‌ಫಿಟರ್ ಮಾತ್ರ ಮಾಡಬೇಕು. ಸರಿಯಾಗಿ ಉರಿಯದ ಗ್ಯಾಸಿನಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. 2010ರಲ್ಲಿ ವಿಕ್ಟೋರಿಯಾದ ಶೆಪರ್ಟನ್ ಪಕ್ಕದ ಮೂರೂಪ್ನಾದಲ್ಲಿ ಬಾಡಿಗೆ ಮನೆಯ ಕೆಟ್ಟ ಗ್ಯಾಸ್ ಹೀಟರಿನಿಂದ ಇಬ್ಬರು ಪುಟ್ಟ ಅಣ್ಣತಮ್ಮಂದಿರು ನಿದ್ದೆಯಲ್ಲೇ ತೀರಿಕೊಂಡರು.

ಮನೆಯವರಿಗೆಲ್ಲ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದರೆ ಕಡಿಮೆಯಾಗುತ್ತಿದ್ದರೆ ಹೀಟರ್ ಆರಿಸಿ, ಎಲ್ಲರೂ ಹೊರಗೆ ಬಂದು 000ಗೆ ಕರೆ ಮಾಡಿ. ಹಾಲಿನ ಹಳೆಯ ಮಾದರಿಯ ಗ್ಯಾಸ್ ಹೀಟರ್ ಉರಿಯುತ್ತಿರುವಾಗ ಒಗ್ಗರಣೆಯ ಹೊಗೆಗೆಂದು ಅಡುಗೆಮನೆಯ ಫ್ಯಾನನ್ನು ಜೋರಾಗಿ ಹಾಕಿದರೆ, ಅದು ಹೀಟರಿನ ಹೊಗೆಯನ್ನೂ ಒಳಗೇ ಎಳೆಯಬಹುದು. ಒಂದು ಕಿಟಕಿ ತೆರೆದಿಡಿ. ಇದ್ದಿಲ ಅಗ್ಗಿಷ್ಟಿಕೆಯನ್ನಾಗಲೀ ಬಾರ್ಬೆಕ್ಯೂವನ್ನಾಗಲೀ ಒಳಗೆ ತರಲೇಬೇಡಿ. ಗ್ಯಾಸ್ ಹೀಟರನ್ನು ಎರಡು ವರ್ಷಕ್ಕೊಮ್ಮೆ ಸರ್ವಿಸ್ ಮಾಡಿಸಿ.

ಸಿಡ್ನಿಯವರಿಗೆ, ಬಾಡಿಗೆ ಮನೆಯವರಿಗೆ

ಸಿಡ್ನಿಯಲ್ಲಿ ರೇಡಿಯೇಟರ್ ಅಪರೂಪ, ರಿವರ್ಸ್ ಸೈಕಲ್ ಏಸಿಯೇ ಹೆಚ್ಚು. ತಣ್ಣನೆ ಗಾಳಿ ಬಂದರೆ ರಿಮೋಟಿನಲ್ಲಿ ಸೂರ್ಯನ ಗುರುತು ಇದೆಯೇ ನೋಡಿ, ಫಿಲ್ಟರ್ ತೊಳೆಯಿರಿ. ತುಂಬಾ ಚಳಿಯಿದ್ದಾಗ ಹೊರಗಿನ ಯಂತ್ರ ತನ್ನ ಮೇಲಿನ ಮಂಜನ್ನು ಕರಗಿಸಿಕೊಳ್ಳಲು ಕೆಲವು ನಿಮಿಷ ಬಿಸಿ ನಿಲ್ಲಿಸುತ್ತದೆ, ಅದು ದೋಷವಲ್ಲ. ಹೊಗೆ ಕೊಳವೆಯಿಲ್ಲದ ಗ್ಯಾಸ್ ಹೀಟರ್ ಇದ್ದರೆ ಕಿಟಕಿ ತೆರೆದಿಡಿ, ಉರಿಸಿಕೊಂಡು ಮಲಗಬೇಡಿ.

ಬಾಡಿಗೆ ಮನೆಯಲ್ಲಿ ಮಾಲೀಕರು ಕೊಟ್ಟಿರುವ ಹೀಟರ್ ಕೆಟ್ಟರೆ ಎರಡೂ ರಾಜ್ಯಗಳಲ್ಲಿ ಅದು ತುರ್ತು ರಿಪೇರಿ. ಏಜೆಂಟರಿಗೆ ಕೂಡಲೇ ಬರೆದು ತಿಳಿಸಿ. ವಿಕ್ಟೋರಿಯಾದಲ್ಲಿ 2021ರ ಮಾರ್ಚ್ 29ರ ನಂತರ ಆರಂಭವಾದ ಬಾಡಿಗೆ ಒಪ್ಪಂದಗಳಿಗೆ ಎರಡು ವರ್ಷಕ್ಕೊಮ್ಮೆ ಗ್ಯಾಸ್ ಸುರಕ್ಷತಾ ತಪಾಸಣೆ ಕಡ್ಡಾಯ. ಕೇಳಲು ಸಂಕೋಚ ಬೇಡ.

ಕೊನೆಯದಾಗಿ ಒಂದು ಮಾತು. ಹಿರಿಯರನ್ನು "ಚಳಿಯಾಗ್ತಿದೆಯಾ?" ಎಂದು ಕೇಳಿದರೆ "ಪರವಾಗಿಲ್ಲ" ಎಂದೇ ಹೇಳುತ್ತಾರೆ. ಅವರ ಕೋಣೆಗೆ ಹೋಗಿ ರೇಡಿಯೇಟರನ್ನು ನೀವೇ ಮುಟ್ಟಿ ನೋಡಿ.

ಎಲ್ಲರಿಗೂ ಬೆಚ್ಚನೆಯ, ಸುರಕ್ಷಿತ ಚಳಿಗಾಲವನ್ನು ಹಾರೈಸುತ್ತೇನೆ.