ಭೋಂಗಾ ಇಲ್ಲದ ಪಾಳಿ

ಗೋಕಾಕ ಸೀಮೆಯ ಮೇಲವಂಕಿ ನನ್ನೂರು. ನನ್ನ ಅಜ್ಜ ಊರು ಬಿಟ್ಟು ಗೋಕಾಕ ಜಲಪಾತದ ಬಳಿಯ ನೂಲಿನ ಗಿರಣಿಯಲ್ಲಿ ದುಡಿದವನು. “ಭೋಂಗಾ ಆತಂದ್ರ ನಮ್ಮ ಮೈ ನಮ್ಮದು” ಎನ್ನುತ್ತಿದ್ದ. ಈಚೆಗೆ ತಾಯಿಯ ಬೇನೆಗಾಗಿ ಒಂದು ಆಸ್ಪತ್ರೆಯಲ್ಲಿ ಎಂಟು ರಾತ್ರಿ ಕಳೆದಾಗ ಆ ಮಾತು ನೆನಪಾಯಿತು. ನಸುಕಿನ ನಾಲ್ಕರ ಸುಮಾರಿಗೆ ನರ್ಸಬಾಯಿ ಔಷಧದ ಚೀಟಿಯನ್ನು ಗಟ್ಟಿಯಾಗಿ ಎರಡು ಸಲ ಓದಿ, ನನ್ನ ಕೈಗೆ ಕೊಟ್ಟಳು. “ನೀವೊಮ್ಮೆ ಓದ್ರಿ ಅಣ್ಣಾರ. ಈ ಹೊತ್ತಿನ್ಯಾಗ ನನ್ನ ಕಣ್ಣ ನಾನ ನಂಬೂದಿಲ್ಲ.” ಆಕೆ ಹಗಲುಪಾಳಿ ಮುಗಿಸಿ, ನಡುವೆ ಒಂದು ದಿನದ ಬಿಡುವೂ ಇಲ್ಲದೆ ರಾತ್ರಿಪಾಳಿಗೆ ಬಂದಿದ್ದಳು.

ಗಿರಣಿಯ ದುಡಿಮೆಗೆ ಒಂದು ಇತಿಹಾಸವಿದೆ. ನಮ್ಮ ಗಿರಣಿ 1887ರಲ್ಲಿ ಸುರುವಾಯಿತು. 1891ರ ಕಾರಖಾನೆ ಕಾನೂನು ಹೆಂಗಸರನ್ನು ದಿನಕ್ಕೆ 11 ತಾಸಿಗಿಂತ ಹೆಚ್ಚು ದುಡಿಸಬಾರದೆಂದಿತು. 1948ರ ಕಾನೂನು ವಾರಕ್ಕೆ 48 ತಾಸಿನ ಮಿತಿ ಹಾಕಿತು. ರಜೆಯ ದಿನ ಕಳೆಯದೆ ಹೆಂಗಸರ ಪಾಳಿ ಬದಲಿಸಬಾರದೆಂಬ ನಿಯಮವೂ ಮುಂದೆ ಅದರೊಳಗೆ ಸೇರಿತು.

ಆದರೆ ಆಸ್ಪತ್ರೆ ಕಾರಖಾನೆಯಲ್ಲ. ಈ ಕಲಮುಗಳು ಅದರ ಹೊಸ್ತಿಲು ದಾಟಲಿಲ್ಲ. ಕ್ರಿಮಿಯಾ ಯುದ್ಧದ ಕಾಲಕ್ಕೆ, 1854ರಲ್ಲಿ, ಸ್ಕುಟರಿಯ ಆಸ್ಪತ್ರೆಗೆ ಹೋದ ಫ್ಲಾರೆನ್ಸ್ ನೈಟಿಂಗೇಲಳ ಕೈದೀಪವನ್ನು ಲೋಕವೆಲ್ಲ ಹೊಗಳಿತು. ದೀಪ ಹಿಡಿದವರು ಮಲಗುವುದು ಯಾವಾಗ ಎಂದು ಕೇಳಿದವರು ಕಡಿಮೆ. ಗಿರಣಿಯ ದುಡಿಮೆಗೆ ‘ಕೆಲಸ’ ಎಂದರು, ಆದ್ದರಿಂದ ತಾಸು ಎಣಿಸಿದರು. ಇದಕ್ಕೆ ‘ಸೇವೆ’ ಎಂದರು, ಎಣಿಕೆ ಹಿಂದೆ ಬಿತ್ತು.

ಯಾರೂ ನೋಡಲೇ ಇಲ್ಲವೆನ್ನುವುದು ತಪ್ಪಾದೀತು. 1946ರಲ್ಲಿ ಭೋರ್ ಸಮಿತಿಯು ದೇಶದಲ್ಲಿ 43,000 ಜನಕ್ಕೆ ಒಬ್ಬ ನರ್ಸ್ ಮಾತ್ರ ಎಂದು ಲೆಕ್ಕ ಕೊಟ್ಟಿತು. 1954ರಲ್ಲಿ ನರ್ಸುಗಳ ಸಂಬಳ, ಕೆಲಸದ ಸ್ಥಿತಿಗಳನ್ನು ವಿಚಾರಿಸಿದ ಸಮಿತಿಗೆ ಅಧ್ಯಕ್ಷರಾದವರು ನಮ್ಮ ಕರಾವಳಿಯವರೇ: ಆಗ ಮದರಾಸಿನ ಮಂತ್ರಿಗಳಾಗಿದ್ದ, ವಿಜಯಾ ಬ್ಯಾಂಕ್ ಸ್ಥಾಪಿಸಿದ ಅತ್ತಾವರ ಬಾಲಕೃಷ್ಣ ಶೆಟ್ಟರು. ವರದಿಗಳು ಬಂದವು; ವಾರ್ಡಿನ ರಾತ್ರಿ ಮಾತ್ರ ಅಷ್ಟೇ ಉದ್ದ ಉಳಿಯಿತು.

ಈಗ ವಿಜ್ಞಾನವೂ ಸಾಕ್ಷಿ ನುಡಿದಿದೆ. ದೇಹದೊಳಗಿನ ಗಡಿಯಾರದ ಮರ್ಮವನ್ನು ಬಿಡಿಸಿದ ಮೂವರಿಗೆ 2017ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಅದಕ್ಕೂ ಮೊದಲು, 2007ರಲ್ಲಿ, ಆ ಗಡಿಯಾರವನ್ನು ಕೆಡಿಸುವ ಪಾಳಿ ಕೆಲಸವು ಕ್ಯಾನ್ಸರ್ ತರುವ ಸಂಭವವಿದೆಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಹೇಳಿತ್ತು. ನಿದ್ದೆ ತಡೆಯುವುದು ಮನಸ್ಸಿನ ಗಟ್ಟಿತನವೆಂಬ ನಮ್ಮ ಹಳೆಯ ತಿಳಿವಳಿಕೆ ಇನ್ನು ನಿಲ್ಲದು.

ರೋಗಕ್ಕೆ ಹಗಲು ರಾತ್ರಿಯಿಲ್ಲ, ನಿಜ. ಯಾರಾದರೂ ಎಚ್ಚರಿರಲೇಬೇಕು. ಪಾಳಿ ಬದಲಾಗುವಾಗ ಒಂದು ದಿನದ ವಿರಾಮ, ರಾತ್ರಿಗೆ ಇನ್ನೊಂದು ಜೋಡಿ ಕಣ್ಣು: ಗಿರಣಿಯವರಿಗೆ ಒಪ್ಪಿದ ನ್ಯಾಯದಿಂದ ಇದೇನೂ ದೂರದ ಬೇಡಿಕೆಯಲ್ಲ.

ಅಂದು ನಾನು ಚೀಟಿ ಓದಿದೆ. ಹೆಸರು ಸರಿಯಾಗಿತ್ತು. ಆದರೆ ನನ್ನವೂ ಎಂಟು ರಾತ್ರಿ ನಿದ್ದೆಗೆಟ್ಟ ಕಣ್ಣುಗಳೇ ಆಗಿದ್ದವು.