ಪಂಕ್ತಿಭೇದವೂ ವಿದ್ಯಾರ್ಥಿ ಸಮುದಾಯವೂ

ವಿಜಯಪುರದಿಂದ ಅಥಣಿಯ ಕಡೆಗೆ ಹೊರಟವರಿಗೆ ಮೊದಲು ತೊರವಿ, ಅನಂತರ ತಿಕೋಟಾ ದೊರೆಯುತ್ತವೆ. ಬಿಜ್ಜರಗಿಯು ಈ ತಿಕೋಟಾ ತಾಲೂಕಿನ ಗ್ರಾಮ. ತೊರವಿಯ ನರಸಿಂಹನ ಹೆಸರಿನೊಡನೆ ಕುಮಾರ ವಾಲ್ಮೀಕಿಯ ರಾಮಾಯಣವು ಬೆಸೆದುಕೊಂಡಿದೆ. ಇದೇ ಪರಿಸರದಲ್ಲಿ ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ನವರಸಪುರವೆಂಬ ನಗರವನ್ನು ಕಟ್ಟಲಾರಂಭಿಸಿದನು. 1624ರಲ್ಲಿ ಮಲಿಕ್ ಅಂಬರನ ದಾಳಿಗೆ ಅದು ಹಾಳಾಯಿತು. ಇಂದು ತೊರವಿಯಲ್ಲಿರುವುದು 2003ರಲ್ಲಿ ಸ್ಥಾಪಿತವಾಗಿ, 2017ರಲ್ಲಿ ಅಕ್ಕಮಹಾದೇವಿಯ ಹೆಸರನ್ನು ಪಡೆದ ಮಹಿಳಾ ವಿಶ್ವವಿದ್ಯಾನಿಲಯದ ಆವರಣ. ಬಿಜ್ಜರಗಿಯಂಥ ಊರಿನ ಹೆಣ್ಣುಮಗಳು ಉಚ್ಚಶಿಕ್ಷಣಕ್ಕಾಗಿ ಮನೆ ಬಿಟ್ಟು ಬಂದಾಗ ಆಕೆಗೆ ಮೊದಲು ಎದುರಾಗುವುದು ಗ್ರಂಥಾಲಯವಾಗಲಿ ಸಭಾಭವನವಾಗಲಿ ಅಲ್ಲ. ಹಂಚಿಕೊಳ್ಳಬೇಕಾದ ಕೋಣೆ ಮತ್ತು ಒಟ್ಟಿಗೆ ಕುಳಿತು ಉಣ್ಣಬೇಕಾದ ಊಟದ ಮನೆ.

ಜಾತಿಮತಗಳ ಎಲ್ಲೆಯನ್ನು ಮೀರಿದ ವಿದ್ಯಾರ್ಥಿ ಚಳವಳಿಯ ಚರಿತ್ರೆಯನ್ನು ಸಾಮಾನ್ಯವಾಗಿ ಸಭೆ, ಮೆರವಣಿಗೆ, ಮುಷ್ಕರಗಳಿಂದ ಬರೆಯುವುದು ರೂಢಿ. ಅದರ ಬೇರು ವಸತಿಗೃಹದ ಪಂಕ್ತಿಯಲ್ಲಿದೆಯೆಂದೂ, ಪಂಕ್ತಿಯು ಒಡೆದಿದ್ದಲ್ಲಿ ಚಳವಳಿಯೂ ಒಡೆದಿದೆಯೆಂದೂ ತೋರಿಸುವುದು ಈ ಲೇಖನದ ಉದ್ದೇಶ.

ಮುಂಬಯಿ ವಿಶ್ವವಿದ್ಯಾಲಯವು 1857ರಲ್ಲಿ ಸ್ಥಾಪಿತವಾದ ಮೇಲೆ ಬಹುಕಾಲದವರೆಗೆ ಈ ಭಾಗದ ತರುಣರು ಪದವಿಗಾಗಿ ಪುಣೆ, ಮುಂಬಯಿಗಳಿಗೆ ಹೋಗಬೇಕಾಗಿತ್ತು. ವಿಜಯಪುರದಲ್ಲಿ 1880ರಲ್ಲಿ ಜನಿಸಿದ ಆಲೂರ ವೆಂಕಟರಾಯರು ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದರು. ಅದೇ ವರ್ಷ ಧಾರವಾಡದಲ್ಲಿ ಜನಿಸಿದ ಫ. ಗು. ಹಳಕಟ್ಟಿಯವರು ಮುಂಬಯಿಯಲ್ಲಿ ಓದಿ, ವಕೀಲರಾಗಿ ವಿಜಯಪುರದಲ್ಲಿ ನೆಲೆಸಿದರು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದುದು 1917ರಲ್ಲಿ. ಹೀಗೆ ಊರು ಬಿಟ್ಟು ಹೋದ ಬಡ ವಿದ್ಯಾರ್ಥಿಗೆ ಪಾಠಕ್ಕಿಂತ ಮೊದಲು ಅನ್ನದ ಪ್ರಶ್ನೆ ಬರುತ್ತಿತ್ತು. ಬ್ರಾಹ್ಮಣ ಹುಡುಗರು ವಾರಾನ್ನದಿಂದ, ಮಾಧುಕರಿಯಿಂದ ದಿನ ಕಳೆಯುತ್ತಿದ್ದರು; ಮಠಗಳನ್ನು ಆಶ್ರಯಿಸಿದ ಲಿಂಗಾಯತ ಹುಡುಗರಿಗೆ ಕಂತಿಭಿಕ್ಷೆಯೂ ಪ್ರಸಾದನಿಲಯವೂ ಆಧಾರವಾಗಿದ್ದವು. ಅಸ್ಪೃಶ್ಯರೆನಿಸಿದವರ ಮಕ್ಕಳಿಗೆ ಈ ಎರಡು ಬಾಗಿಲುಗಳೂ ಸುಲಭವಾಗಿ ತೆರೆಯುವಂಥವಾಗಿರಲಿಲ್ಲ. ಅನ್ನದ ದಾರಿಯು ಜಾತಿಯ ಮೂಲಕವೇ ಹಾಯ್ದುಹೋಗುತ್ತಿದ್ದುದರಿಂದ ಸ್ನೇಹದ ದಾರಿಯೂ ಬಹುಮಟ್ಟಿಗೆ ಅದನ್ನೇ ಅನುಸರಿಸಿತು.

ಈ ಸ್ಥಿತಿಯಲ್ಲಿ ಸಮಾಜಗಳು ತಮ್ಮ ತಮ್ಮ ಮಕ್ಕಳಿಗಾಗಿ ಸಂಸ್ಥೆಗಳನ್ನು ಕಟ್ಟಿಕೊಂಡವು. ಹಳಕಟ್ಟಿಯವರ ಮುಂದಾಳುತನದಲ್ಲಿ 1910ರಲ್ಲಿ ವಿಜಯಪುರದಲ್ಲಿ ಲಿಂಗಾಯತ ವಿದ್ಯಾಸಂಸ್ಥೆಯು ಹುಟ್ಟಿತು. 1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆ. ಮುಸಲ್ಮಾನರಲ್ಲಿ ಅಂಜುಮನ್ ಸಂಸ್ಥೆಗಳು ಇದೇ ಕಾರ್ಯವನ್ನು ಕೈಕೊಂಡವು. 1920ರ ದಶಕದ ಕೊನೆಯಲ್ಲಿ ಡಾ. ಅಂಬೇಡ್ಕರರ ಪ್ರಯತ್ನದಿಂದ ಧಾರವಾಡದಲ್ಲಿ ದಲಿತ ವಿದ್ಯಾರ್ಥಿಗಳ ವಸತಿಗೃಹವು ತಲೆಯೆತ್ತಿತು. ಇವುಗಳನ್ನು ಕೇವಲ ಜಾತಿಯ ಕೋಟೆಗಳೆಂದು ತೆಗೆದುಹಾಕುವುದು ಇತಿಹಾಸಕ್ಕೆ ನ್ಯಾಯವೆನಿಸದು. ಇವು ಇಲ್ಲದಿದ್ದರೆ ಸಹಸ್ರಾರು ರೈತರ, ಕೂಲಿಕಾರರ ಮಕ್ಕಳು ಕಾಲೇಜಿನ ಹೊಸ್ತಿಲನ್ನೇ ತುಳಿಯುತ್ತಿರಲಿಲ್ಲ. ಆದರೆ ಹಗಲು ಒಂದೇ ತರಗತಿಯಲ್ಲಿ ಕುಳಿತವರು ಸಂಜೆ ಬೇರೆ ಬೇರೆ ಅಡಿಗೆಮನೆಗಳಿಗೆ ಹಿಂತಿರುಗುತ್ತಿದ್ದರೆಂಬುದೂ ಅಷ್ಟೇ ಸತ್ಯ.

ಈ ಬೇರ್ಪಾಡನ್ನು ಸಡಿಲಿಸುವಲ್ಲಿ ರಾಷ್ಟ್ರೀಯ ಚಳವಳಿಯ ಪಾಲು ದೊಡ್ಡದು. 1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದಲ್ಲಿ ಡಾ. ನಾ. ಸು. ಹರ್ಡೀಕರರ ಸೇವಾದಳದ ಶಿಸ್ತು ತರುಣರಿಗೆ ಒಂದೇ ಬಿಡಾರದ ಬಾಳನ್ನು ಕಲಿಸಿತು. 1942ರಲ್ಲಿ ಹುಬ್ಬಳ್ಳಿಯ ಬಾಲಕ ನಾರಾಯಣ ಡೋಣಿಯೂ, 1947ರ ಸೆಪ್ಟೆಂಬರಿನಲ್ಲಿ ಜವಾಬ್ದಾರಿ ಸರಕಾರಕ್ಕಾಗಿ ನಡೆದ ಹೋರಾಟದಲ್ಲಿ ಮೈಸೂರಿನ ವಿದ್ಯಾರ್ಥಿ ರಾಮಸ್ವಾಮಿಯೂ ಗುಂಡಿಗೆ ಬಲಿಯಾದರು. ಅವರಿಗಾಗಿ ಮರುಗಿದವರು ಅವರ ಜಾತಿಯನ್ನು ವಿಚಾರಿಸಲಿಲ್ಲ. ಆದರೂ ಈ ಐಕ್ಯವು ಪರಕೀಯ ಆಡಳಿತವನ್ನು, ಅರಸೊತ್ತಿಗೆಯನ್ನು ಎದುರಿಸುವಾಗಿನ ಐಕ್ಯ. ಎದುರಾಳಿಯು ಸರಿದ ಮೇಲೆ ಅದು ಯಾವ ಆಧಾರದ ಮೇಲೆ ನಿಂತೀತು ಎಂಬ ಪ್ರಶ್ನೆಯು ಉಳಿಯಿತು.

ಕರ್ನಾಟಕ ವಿಶ್ವವಿದ್ಯಾಲಯವು 1949ರ ಶಾಸನದಿಂದ ಸ್ಥಾಪಿತವಾಗಿ 1950ರಲ್ಲಿ ಧಾರವಾಡದಲ್ಲಿ ನೆಲೆಗೊಂಡಿತು. ಸಂವಿಧಾನವು ಜಾರಿಗೆ ಬಂದ ವರ್ಷವೂ ಅದೇ. ಸರಕಾರದ ವಿದ್ಯಾಸಂಸ್ಥೆಗಳಲ್ಲಿ ಹಾಗೂ ಸರಕಾರದ ನೆರವು ಪಡೆಯುವ ಸಂಸ್ಥೆಗಳಲ್ಲಿ ಧರ್ಮ, ಕುಲ, ಜಾತಿ, ಭಾಷೆಗಳ ಕಾರಣದಿಂದಲೇ ಯಾರಿಗೂ ಪ್ರವೇಶವನ್ನು ನಿರಾಕರಿಸಕೂಡದೆಂದು ಅದರ 29ನೆಯ ಅನುಚ್ಛೇದವು ವಿಧಿಸುತ್ತದೆ. 1954ರಿಂದ 1967ರವರೆಗೆ ಕುಲಪತಿಗಳಾಗಿದ್ದ ಡಿ. ಸಿ. ಪಾವಟೆಯವರ ಕಾಲದಲ್ಲಿ ಧಾರವಾಡದ ಗುಡ್ಡದ ಮೇಲೆ ವಿಶ್ವವಿದ್ಯಾಲಯದ ಆವರಣವು ರೂಪುಗೊಂಡಿತು. ಸಮಾಜಗಳ ವಸತಿಗೃಹಗಳಿಂದ ಬಂದವರಿಗೆ ವಿಶ್ವವಿದ್ಯಾಲಯದ ಸ್ವಂತ ವಸತಿಗೃಹವು ಹೊಸದೊಂದು ಅನುಭವವಾಯಿತು: ಇಲ್ಲಿ ನೆರೆಯವನನ್ನು ಗೊತ್ತುಮಾಡುವುದು ಅವನ ಕುಲವಲ್ಲ, ಕೋಣೆಯ ಸಂಖ್ಯೆ.

ಆದರೆ ಕಾನೂನು ಬಾಗಿಲನ್ನು ತೆರೆಯಬಲ್ಲದು, ಒಳಗಿದ್ದವರ ಮನಸ್ಸನ್ನು ತೆರೆಯಲಾರದು. ಇದಕ್ಕೆ 1973ರ ಬೂಸಾ ಪ್ರಕರಣವೇ ನಿದರ್ಶನ. ಆ ವರ್ಷದ ನವೆಂಬರಿನಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ಮೈಸೂರಿನ ಸಭೆಯೊಂದರಲ್ಲಿ ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವೆಂದು ಆಡಿದ ಮಾತು ಕಾಲೇಜುಗಳಲ್ಲಿ ಕಿಚ್ಚಾಯಿತು. ಭಾಷಾಭಿಮಾನದ ಹೆಸರಿನಲ್ಲಿ ಮೊದಲಾದ ಪ್ರತಿಭಟನೆಯು ಸವರ್ಣೀಯ ವಿದ್ಯಾರ್ಥಿಗಳಿಗೂ ದಲಿತ ವಿದ್ಯಾರ್ಥಿಗಳಿಗೂ ಘರ್ಷಣೆಯಾಗಿ ಪರಿಣಮಿಸಿತು. ಬಸವಲಿಂಗಪ್ಪನವರು ಸಚಿವಸ್ಥಾನವನ್ನು ಬಿಡಬೇಕಾಯಿತು. ಒಂದೇ ಕಾಲೇಜಿನವರು ಎರಡು ಪಕ್ಷವಾಗಿ ನಿಂತುದು ಆಕಸ್ಮಿಕವಲ್ಲ. ಅವರು ಎರಡು ಪಂಕ್ತಿಗಳಿಂದ ಬಂದವರಾಗಿದ್ದರು. ಈ ನೋವಿನಿಂದಲೇ ದಲಿತ ಸಂಘರ್ಷ ಸಮಿತಿಯ ಹುಟ್ಟಿಗೆ ಪ್ರೇರಣೆ ದೊರೆಯಿತು; ಅದರ ಮುಂದಾಳುಗಳಾದ ಬಿ. ಕೃಷ್ಣಪ್ಪ, ಸಿದ್ಧಲಿಂಗಯ್ಯ, ದೇವನೂರ ಮಹಾದೇವ ಮೊದಲಾದವರು ಕಾಲೇಜು ಪರಿಸರದಿಂದಲೇ ಬಂದವರು.

1982ರ ಗೋಕಾಕ ಚಳವಳಿಯು ಇದಕ್ಕಿಂತ ಭಿನ್ನವಾದ ಪಾಠವನ್ನು ಕಲಿಸುತ್ತದೆ. ಪ್ರೌಢಶಾಲೆಗಳಲ್ಲಿ ಪ್ರಥಮ ಭಾಷೆಯ ಸ್ಥಾನವನ್ನು ಕುರಿತು ವಿ. ಕೃ. ಗೋಕಾಕರ ಸಮಿತಿಯು ನೀಡಿದ ವರದಿಯನ್ನು ಜಾರಿಗೊಳಿಸಬೇಕೆಂದು ಧಾರವಾಡದ ಸಾಹಿತಿಗಳೂ ವಿದ್ಯಾರ್ಥಿಗಳೂ ಎತ್ತಿದ ದನಿಯು ರಾಜಕುಮಾರರು ಸೇರಿದ ಮೇಲೆ ನಾಡಿನ ದನಿಯಾಯಿತು. ಜಾತಿಗಳನ್ನು ಅದು ಒಂದುಗೂಡಿಸಿತೆಂಬುದು ನಿರ್ವಿವಾದ. ಆದರೆ ಉರ್ದು, ಮರಾಠಿ ಮನೆಮಾತಿನವರಲ್ಲಿ ಅದು ಆತಂಕವನ್ನೂ ಉಂಟುಮಾಡಿತು. ಮಹಾರಾಷ್ಟ್ರದ ಎಲ್ಲೆಗೆ ತಾಗಿಕೊಂಡಿರುವ, ಆದಿಲಶಾಹಿ ಪರಂಪರೆಯ ಈ ಜಿಲ್ಲೆಯಲ್ಲಿ ಆ ಆತಂಕವನ್ನು ಹಗುರಾಗಿ ಕಾಣುವಂತಿಲ್ಲ. ಒಂದು ಭೇದವನ್ನು ಅಳಿಸುವ ಚಳವಳಿಯೂ ಮತ್ತೊಂದನ್ನು ಎಚ್ಚರಿಸಬಹುದು.

ಪ್ರಶ್ನೆಯು ಮುಗಿದಿಲ್ಲವೆಂಬುದಕ್ಕೆ 2022ರ ಶಿರವಸ್ತ್ರದ ವಿವಾದವು ಸಾಕ್ಷಿ. ಆ ವರ್ಷದ ಮಾರ್ಚ್ 15ರಂದು ರಾಜ್ಯದ ಉಚ್ಚ ನ್ಯಾಯಾಲಯವು ಸಮವಸ್ತ್ರ ಕುರಿತ ಸರಕಾರದ ಆದೇಶವನ್ನು ಎತ್ತಿಹಿಡಿಯಿತು. ಅಕ್ಟೋಬರ್ 13ರಂದು ಸರ್ವೋಚ್ಚ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳು ಪರಸ್ಪರ ಭಿನ್ನವಾದ ತೀರ್ಪುಗಳನ್ನು ಕೊಟ್ಟರು. ಎಲ್ಲರೂ ಒಂದೇ ಆಗುವುದು ಸಮುದಾಯವೋ, ಬೇರೆಯಾಗಿದ್ದೂ ಜೊತೆಗಿರುವುದು ಸಮುದಾಯವೋ ಎಂಬ ಹಳೆಯ ಪ್ರಶ್ನೆಯೇ ಅಲ್ಲಿ ಹೊಸ ರೂಪದಲ್ಲಿ ಬಂದಿತ್ತು.

ಮೇಲಿನ ವಿವೇಚನೆಯಿಂದ ಒಂದು ಸಂಗತಿಯು ಸ್ಪಷ್ಟವಾಗುತ್ತದೆ. ಘೋಷಣೆಗಳು ವಿದ್ಯಾರ್ಥಿಗಳನ್ನು ಒಂದು ದಿನ ಕೂಡಿಸಬಲ್ಲವು. ಮರುದಿನವೂ ಅವರು ಕೂಡಿ ಇರಬೇಕಾದರೆ ನಿತ್ಯದ ಸಹವಾಸ ಬೇಕು. ಒಂದೇ ನೀರಿನ ಕೊಡ, ಕೂಡಿ ತಿನ್ನುವ ರೊಟ್ಟಿ, ಕಾಯಿಲೆ ಬಿದ್ದಾಗ ಪಕ್ಕದ ಮಂಚದವಳು ಮಾಡುವ ಆರೈಕೆ, ಇವುಗಳಿಗೆ ಇತಿಹಾಸದ ಕಡತಗಳಲ್ಲಿ ಸ್ಥಳ ದೊರೆತುದು ಕಡಿಮೆ. ತೊರವಿಯ ಆವರಣದಲ್ಲಿ ಬಿಜ್ಜರಗಿಯ ವಿದ್ಯಾರ್ಥಿನಿಯು ಇಂದು ಯಾರ ಪಕ್ಕದಲ್ಲಿ ಕುಳಿತು ಊಟ ಮಾಡುತ್ತಾಳೆಂಬುದನ್ನು ನಾಳಿನ ಇತಿಹಾಸಕಾರನು ಆಧಾರವೆಂದು ಎಣಿಸಬೇಕು. ವಸತಿಗೃಹಗಳ ದಾಖಲೆ ಪುಸ್ತಕಗಳನ್ನೂ, ಅಲ್ಲಿ ಬಾಳಿದವರ ನೆನಪುಗಳನ್ನೂ ಕಳೆದುಹೋಗುವ ಮೊದಲೇ ಸಂಗ್ರಹಿಸುವುದು ಈ ಭಾಗದ ಸಂಶೋಧಕರ ಕರ್ತವ್ಯವಾಗಿದೆ.